ಸೂಪರ್‌ಮ್ಯಾನ್‌ಗೆ ಕೆಂಪು ಚಡ್ಡಿ ಬೇಕೇ, ಬೇಡವೇ?

ಪ್ರಶ್ನೆ: ಸೂಪರ್‌ಮ್ಯಾನ್‌ನ ಚಿತ್ರಗಳನ್ನು ಬರೆಯುವುದು ನನ್ನ ಹವ್ಯಾಸ. ನೀಲಿ ಉಡುಪಿನ ಮೇಲೆ ಕೆಂಪು ಚಡ್ಡಿ ಬರೆದರೆ ಗೆಳೆಯರು ನಗುತ್ತಾರೆ. ಬಿಟ್ಟರೆ ಚಿತ್ರ ಸಪ್ಪೆಯಾಗಿ ಕಾಣುತ್ತದೆ. ಅದು ಎಲ್ಲಿಂದ ಬಂತು? ಬಿಡಬಹುದೇ?

ಉತ್ತರ: ಸಪ್ಪೆ ಎಂದು ಹೇಳಿದ ನಿಮ್ಮ ಕಣ್ಣನ್ನೇ ನಂಬಿ. ಆ ಚಡ್ಡಿ ಹುಟ್ಟಿದ್ದೇ ಕಣ್ಣಿನ ಅನುಕೂಲಕ್ಕಾಗಿ.

1938ರಲ್ಲಿ ‘ಆ್ಯಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡ. ಕಥೆ ಜೆರ್ರಿ ಸೀಗಲ್‌ನದು, ಚಿತ್ರ ಜೋ ಶುಸ್ಟರ್‌ನದು. ಆ ಕಾಲದಲ್ಲಿ ಸರ್ಕಸ್ಸಿನ ಬಲಶಾಲಿಗಳು, ಕುಸ್ತಿಪಟುಗಳು ಮೈಗಂಟಿದ ಉಡುಪಿನ ಮೇಲೆ ಚಡ್ಡಿ ತೊಟ್ಟು ಅಖಾಡಕ್ಕೆ ಇಳಿಯುತ್ತಿದ್ದರು. ಹಾಗಾಗಿ ಅಂದಿನ ಓದುಗರಿಗೆ ಅದು ಒಳಉಡುಪಾಗಿ ಕಾಣಲಿಲ್ಲ. ಇವನು ಬಲಶಾಲಿ ಎಂದು ಸಾರುವ ಗುರುತಾಗಿ ಕಂಡಿತು. ಬೆನ್ನ ಹಿಂದೆ ಹಾರುವ ಬಟ್ಟೆ, ಅಂದರೆ ಕೇಪ್‌ನ ಕೆಲಸವೇ ಬೇರೆ. ನಿಶ್ಚಲವಾದ ಚಿತ್ರದಲ್ಲಿ ಚಲನೆ ತೋರಿಸಲು ಅದು ನೆರವಾಗುತ್ತಿತ್ತು ಎಂದು ಶುಸ್ಟರ್ ಮುಂದೆ ಸ್ವತಃ ವಿವರಿಸಿದ್ದಾನೆ. ಇಷ್ಟು ಯೋಚಿಸಿ ಬರೆದ ಪಾತ್ರದ ಹಕ್ಕನ್ನು ಅವರಿಬ್ಬರೂ ಕೇವಲ 130 ಡಾಲರ್‌ಗೆ ಮಾರಿಬಿಟ್ಟರು ಎಂಬುದು ನನಗೆ ಇಂದಿಗೂ ಸಂಕಟದ ಸಂಗತಿ.

ಇನ್ನು ಬಣ್ಣ. ಅಗ್ಗದ ಒರಟು ಕಾಗದದ ಮೇಲೆ ಬೆರಳೆಣಿಕೆಯ ಶಾಯಿಗಳಲ್ಲಿ ಅಚ್ಚಾಗುತ್ತಿದ್ದ ಪುಟಗಳವು. ನವಿರಾದ ಛಾಯೆಗಳು ಅಲ್ಲಿ ಉಳಿಯುತ್ತಿರಲಿಲ್ಲ. ಕೆಂಪು, ನೀಲಿ, ಹಳದಿಗಳ ದಟ್ಟ ತುಂಡುಗಳಾದರೆ ಹೆಬ್ಬೆರಳಿನಷ್ಟು ಪುಟ್ಟ ಆಕೃತಿಯೂ ಎದ್ದು ಕಾಣುತ್ತದೆ. ಮುಡಿಯಿಂದ ಅಡಿಯವರೆಗೆ ನೀಲಿಯೇ ಇದ್ದರೆ ಸೊಂಟ ಎಲ್ಲಿ, ತೊಡೆ ಎಲ್ಲಿ ಎಂದು ತಿಳಿಯುವುದಿಲ್ಲ. ಕೆಂಪು ಚಡ್ಡಿ ಆ ನೀಲಿಯನ್ನು ನಡುವೆ ಕಡಿದು ದೇಹಕ್ಕೆ ಅಳತೆ ಕೊಡುತ್ತದೆ.

ಇದೇ ಬಣ್ಣಗಳು ತೆರೆಯ ಮೇಲೆ ತೊಡಕಾದವು. ಕಪ್ಪು-ಬಿಳುಪಿನಲ್ಲಿ ಕೆಂಪೂ ನೀಲಿಯೂ ಒಂದೇ ಬೂದು ಬಣ್ಣವಾಗಿ ಬೆರೆತುಹೋಗುತ್ತವೆ. ಅದಕ್ಕಾಗಿ 1948ರ ಚಿತ್ರಮಾಲಿಕೆಯಲ್ಲಿ ಕರ್ಕ್ ಆಲಿನ್‌ಗೂ, 1952ರಲ್ಲಿ ಆರಂಭವಾದ ಟಿವಿ ಧಾರಾವಾಹಿಯ ಮೊದಲ ಕಂತುಗಳಲ್ಲಿ ಜಾರ್ಜ್ ರೀವ್ಸ್‌ಗೂ ಕಂದು ಮತ್ತು ಬೂದು ಬಣ್ಣದ ಉಡುಪನ್ನೇ ತೊಡಿಸಿದರು! ಪ್ರೇಕ್ಷಕರು ಮನಸ್ಸಿನಲ್ಲೇ ಬಣ್ಣ ತುಂಬಿಕೊಂಡರು.

2011ರಲ್ಲಿ ಪ್ರಕಾಶಕರು ಕಾಮಿಕ್ಸ್‌ನಿಂದ ಚಡ್ಡಿಯನ್ನು ತೆಗೆದರು. 2013ರ ಚಲನಚಿತ್ರದಲ್ಲೂ ಅದಿರಲಿಲ್ಲ. ಆದರೆ 2018ರಲ್ಲಿ ‘ಆ್ಯಕ್ಷನ್ ಕಾಮಿಕ್ಸ್’ನ 1000ನೇ ಸಂಚಿಕೆಯಲ್ಲಿ ಅದು ಮರಳಿತು, 2025ರ ಚಿತ್ರದಲ್ಲೂ ಉಳಿಯಿತು. ಇಷ್ಟು ಶಕ್ತಿಯುಳ್ಳ ಅನ್ಯಗ್ರಹದವನನ್ನು ಕಂಡು ಮಕ್ಕಳು ಹೆದರಬಾರದು ಎಂಬ ವಾದ ತನ್ನನ್ನು ಒಪ್ಪಿಸಿತೆಂದು ಅದರ ನಿರ್ದೇಶಕ ಜೇಮ್ಸ್ ಗನ್ ಹೇಳಿದ್ದಾರೆ. ನನಗೂ ಆ ವಾದವೇ ಸರಿ ಎನಿಸುತ್ತದೆ.

ಚಿತ್ರಕಾರರಿಗೆ ಇಲ್ಲಿ ಸ್ವಾತಂತ್ರ್ಯ ಬಹಳ. ಎದೆಯ ಲಾಂಛನವನ್ನೇ ನೋಡಿ: ಮೊದಲು ಪೊಲೀಸ್ ಬಿಲ್ಲೆಯಂತಿತ್ತು, 1941ರ ಫ್ಲೈಶರ್ ಸ್ಟುಡಿಯೋದ ಅನಿಮೇಷನ್ ಚಿತ್ರಗಳಲ್ಲಿ ಅದರ ಹಿನ್ನೆಲೆ ಕಪ್ಪಾಯಿತು. 1996ರಲ್ಲಿ ಅಲೆಕ್ಸ್ ರಾಸ್ ಮತ್ತೆ ಕಪ್ಪು ಹಿನ್ನೆಲೆಯನ್ನೇ ಬಳಸಿ, ನರೆತ ಕೂದಲಿನ ಸೂಪರ್‌ಮ್ಯಾನ್‌ನನ್ನು ಜಲವರ್ಣದ ಹದದಲ್ಲಿ ಚಿತ್ರಿಸಿದ. ಅವನ ಪುಟಗಳಲ್ಲಿ ಬಟ್ಟೆಗೆ ನೆರಿಗೆಗಳಿವೆ, ಭಾರವಿದೆ. ಅವನ್ನು ಎದುರಿಗಿಟ್ಟುಕೊಂಡು ಅಭ್ಯಾಸ ಮಾಡಿ.

ಚಡ್ಡಿ ಬಿಡುವುದಾದರೆ ಸೊಂಟಕ್ಕೆ ಬೇರೆ ಆಸರೆ ಕೊಡಿ. 2011ರ ವಿನ್ಯಾಸದಲ್ಲಿ ಕೆಂಪು ಬೆಲ್ಟ್ ಈ ಕೆಲಸ ಮಾಡಿತ್ತು. ಉಳಿಸಿಕೊಳ್ಳುವುದಾದರೆ ಚಿತ್ರವನ್ನು ಮೊಬೈಲ್‌ನಲ್ಲಿ ಕಪ್ಪು-ಬಿಳುಪಿಗೆ ತಿರುಗಿಸಿ ಒಮ್ಮೆ ನೋಡಿ. ಚಡ್ಡಿಯ ಅಂಚು ಮಾಯವಾದರೆ ನೀಲಿಯನ್ನು ಇನ್ನಷ್ಟು ಗಾಢಗೊಳಿಸಿ.