ಗುಂಪಿನಲ್ಲಿ ಎಲ್ಲಾ ಹೇಳಲೇಬೇಕಾ?

ಮದುವೆಯಾಗಿ 2 ವರ್ಷ, ಗಂಡನ ಜೊತೆ ಸೇರುವಾಗ ನೋವು, ಡಾಕ್ಟರು ಗ್ರೂಪ್ ಥೆರಪಿ ಅಂದಿದ್ದಾರೆ, ಹಾಸನದವರೇ ಯಾರಾದ್ರೂ ಅಲ್ಲಿ ಸಿಕ್ಕಿದರೆ ಅಂತ ಕೇಳಿದ್ದೀರಿ. ಭಯ ಅರ್ಥವಾಗುತ್ತೆ. ನಮ್ಮ ಚಿಕ್ಕಮಗಳೂರಲ್ಲೂ ಬಸ್ ಸ್ಟ್ಯಾಂಡಲ್ಲಿ ನಿಂತರೆ "ಯಾರ ಮನೆ ಹುಡುಗಿ?" ಅನ್ನೋರು ಇದ್ದೇ ಇರುತ್ತಾರೆ.

ನಾನು ಇಂಥದ್ದೇ ಗುಂಪಿಗೆ ಬೆಂಗಳೂರಿಗೆ ಹೋಗುತ್ತಿದ್ದೆ. ಆರು ಹೆಂಗಸರು, ಒಬ್ಬ ಕೌನ್ಸೆಲರ್. ಬಟ್ಟೆ ಬಿಚ್ಚೋದು, ತಪಾಸಣೆ ಏನೂ ಇಲ್ಲ, ಬರೀ ಮಾತು. ಹೇಳಿದ್ದು ಹೊರಗೆ ಹೋಗಬಾರದು ಅನ್ನೋದು ಮೊದಲ ನಿಯಮ. ಮೊದಲ ದಿನ ನೀರಿನ ಬಾಟಲಿ ಮುಚ್ಚಳ ತಿರುಗಿಸುತ್ತಾ ಸುಮ್ನೆ ಕೂತಿದ್ದೆ. ಯಾರೂ ಒತ್ತಾಯ ಮಾಡಲಿಲ್ಲ. ಮೂರನೇ ವಾರ, ಐವತ್ತು ದಾಟಿದ ಒಬ್ಬರು "ನಂಗೆ ಮದುವೆಯಾದಾಗಿಂದ ಹೀಗೇ" ಅಂದರು. ಅವತ್ತು ನನಗೂ ಬಾಯಿ ಬಂತು.

ಇದು ಹೊಸ ಪ್ರಯೋಗ ಅಲ್ಲ. ಲೋನಿ ಬಾರ್ಬಾಕ್ ಎಂಬ ಮನಶ್ಶಾಸ್ತ್ರಜ್ಞೆ 1970ರ ದಶಕದಲ್ಲೇ ಅಮೆರಿಕದಲ್ಲಿ ಹೆಂಗಸರಿಗೆ ಇಂಥ ಗುಂಪು ನಡೆಸಿದ್ದರು.

ಆದ್ರೆ ನೋವಿಗೆ ಮಾತೊಂದೇ ಸಾಲದು. ಸೋಂಕು, ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯೋದು) ಇದೆಯಾ ಅಂತ ಸ್ತ್ರೀರೋಗ ತಜ್ಞರು ನೋಡಲಿ. ಯೋನಿಯ ಸುತ್ತಲಿನ ಸ್ನಾಯು ತಾನಾಗೇ ಬಿಗಿಯುವ ವೆಜಿನಿಸ್ಮಸ್ ಆದರೆ ಫಿಸಿಯೋಥೆರಪಿ, ನಿಧಾನಕ್ಕೆ ಒಗ್ಗಿಸುವ ಡೈಲೇಟರ್ ಅನ್ನೋ ಸಾಧನ ಇವೆ. ಬೇಗ ಆಗೋದಲ್ಲ, ಆದರೆ ಜಾಸ್ತಿ ಜನಕ್ಕೆ ಸರಿಹೋಗುತ್ತೆ.

ಗುಂಪಿಗೆ ಸೇರುವ ಮೊದಲು ಕೌನ್ಸೆಲರ್ ಹತ್ರ ಒಬ್ಬರೇ ಮಾತಾಡಿ, ಊರಿನ ಭಯವನ್ನೂ ಹೇಳಿ. ಅಲ್ಲೀವರೆಗೆ ಮನಸ್ಸು ತುಂಬಾ ಕುಗ್ಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.