ಸಮೀಕ್ಷೆಗೆ ಫ್ಯಾಕ್ಟರಿ ದುಡ್ಡು ತಗೋಬಹುದಾ?

ಪ್ರಶ್ನೆ: ಮಾನಸಗಂಗೋತ್ರಿಯಲ್ಲಿ ಎಂಎಸ್‌ಡಬ್ಲ್ಯು ಓದುತ್ತಿದ್ದೇನೆ. ಗಾರ್ಮೆಂಟ್ಸ್‌ಗೆ ಹೋಗುವ ನಮ್ಮೂರ ಕಡೆಯ ಹೆಂಗಸರ ಸೊಂಟನೋವು, ಕಣ್ಣುರಿ ಬಗ್ಗೆ ಸಮೀಕ್ಷೆ ಮಾಡುವ ಆಸೆ. ಒಂದು ಫ್ಯಾಕ್ಟರಿಯವರು ಖರ್ಚು ನಾವೇ ಕೊಡುತ್ತೇವೆ, ಒಳಗೇ ಬಂದು ಕೇಳಿ ಅಂತಿದ್ದಾರೆ. ಹೊರದೇಶಗಳಲ್ಲಿ ಇಂಥ ಕೆಲಸಕ್ಕೆ ಯಾರು ಹಣ ಕೊಡುತ್ತಾರೆ?
– ಓದುಗರು, ಮದ್ದೂರು

ಉತ್ತರ: ಆ ದುಡ್ಡು ತಗೋಬೇಡಿ. ಫ್ಯಾಕ್ಟರಿಯವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಸೂಪರ್‌ವೈಸರ್ ಪಕ್ಕದಲ್ಲಿ ಓಡಾಡುತ್ತಿದ್ದರೆ ಟಾರ್ಗೆಟ್ ಜಾಸ್ತಿ ಅಂತ ಯಾರು ಬಾಯಿ ಬಿಡುತ್ತಾರೆ?

ಯುರೋಪಿನಲ್ಲಿ ಈ ಕೆಲಸ ಮಾಡುವುದು ಡಬ್ಲಿನ್‌ನಲ್ಲಿರುವ ಯೂರೋಫೌಂಡ್. ದುಡಿಯುವವರ ಬದುಕು, ಕೆಲಸದ ಸ್ಥಿತಿಗತಿ ಅಧ್ಯಯನ ಮಾಡಲು 1975ರಲ್ಲಿ ಶುರುವಾದ ಸಂಸ್ಥೆ. ಹಣ ಐರೋಪ್ಯ ಒಕ್ಕೂಟದ ಬಜೆಟ್‌ನಿಂದ ಬರುತ್ತದೆ. ಆಡಳಿತ ಮಂಡಳಿಯಲ್ಲಿ ಸರ್ಕಾರದವರು, ಮಾಲೀಕರು, ಕಾರ್ಮಿಕ ಸಂಘದವರು ಮೂವರೂ ಕೂರುತ್ತಾರೆ. ಹಾಗಾಗಿ ಲೆಕ್ಕ ಸುಳ್ಳು ಅಂತ ಆಮೇಲೆ ಯಾರೂ ತಳ್ಳಿಹಾಕುವುದು ಸುಲಭವಲ್ಲ. 2015ರಲ್ಲಿ 35 ದೇಶಗಳ ಸುಮಾರು 44,000 ದುಡಿಯುವವರನ್ನು ಮಾತಾಡಿಸಿದರು. ಅದೂ ಮನೆಗೇ ಹೋಗಿ. ದುಡ್ಡು ಜಾಸ್ತಿ ಬೇಕಾಗುವುದು ಇಲ್ಲೇ: ಕೇಳುವವರಿಗೆ ತರಬೇತಿ, ಓಡಾಟ, ಬಾಗಿಲು ಹಾಕಿದ್ದ ಮನೆಗೆ ಮತ್ತೆ ಹೋಗುವುದು.

ಫಿನ್‌ಲೆಂಡ್‌ನ ದಾರಿ ನನಗೆ ಇನ್ನೂ ಇಷ್ಟ. ಅಲ್ಲಿ ಕೆಲಸಗಾರರ ಅಪಘಾತ ವಿಮೆಗೆ ಮಾಲೀಕರು ಕಟ್ಟುವ ಕಂತಿನಲ್ಲಿ ಒಂದು ಸಣ್ಣ ಪಾಲು ಇಂಥ ಸಂಶೋಧನೆಯ ನಿಧಿಗೆ ಹೋಗುತ್ತದೆ. ಮಾಲೀಕರ ದುಡ್ಡೇ, ಆದರೆ ಹಿಡಿತ ಯಾವ ಒಬ್ಬ ಮಾಲೀಕನ ಕೈಯಲ್ಲೂ ಇಲ್ಲ. ನಮ್ಮಲ್ಲೂ ಇಎಸ್‌ಐಗೆ, ಅಂದರೆ ಕೆಲಸಗಾರರ ಸರ್ಕಾರಿ ವಿಮೆಗೆ, ಅವರ ಸಂಬಳದಿಂದ ಶೇ 0.75, ಮಾಲೀಕರಿಂದ ಶೇ 3.25 ಹೋಗುತ್ತದಲ್ವಾ? ಅದರಲ್ಲಿ ಚೂರು ಇದಕ್ಕೇ ಅಂತ ಎತ್ತಿಡಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ ಕೇಳುವ ರೀತಿಯನ್ನೂ ಯೂರೋಫೌಂಡ್‌ನವರಿಂದ ಕಲಿಯಿರಿ. ಸುಮ್ನೆ ಸೊಂಟ ನೋಯುತ್ತಾ ಅಂತ ಕೇಳಿ ಬಿಡುವುದಿಲ್ಲ. ಸುಸ್ತಾಗುವ, ನೋವು ತರುವ ಭಂಗಿಯಲ್ಲಿ ಎಷ್ಟು ಹೊತ್ತು ಇರುತ್ತೀರಿ, ದಿನವಿಡೀನಾ, ಮುಕ್ಕಾಲು ಹೊತ್ತಾ, ಅರ್ಧವಾ, ಕಾಲು ಭಾಗವಾ ಎಂದು ಕೇಳುತ್ತಾರೆ. ನಮ್ಮ ಹೆಂಗಸರು ಇದಕ್ಕೆ ತಟ್ಟನೆ ಉತ್ತರ ಹೇಳುತ್ತಾರೆ. ನೀರು ಕುಡಿಯಲು, ಟಾಯ್ಲೆಟ್‌ಗೆ ಎದ್ದು ಹೋಗಲು ಬಿಡುತ್ತಾರಾ ಅನ್ನುವುದನ್ನೂ ಸೇರಿಸಿ.

ನಿಮ್ಮ ಪ್ರಾಜೆಕ್ಟ್‌ಗೆ ದೊಡ್ಡ ಮೊತ್ತ ಬೇಕಿಲ್ಲ. ಒಂದೆರಡು ಹಳ್ಳಿ ಸಾಕು. ಮುಂದೆ ಪಿಎಚ್‌ಡಿಗೆ ಇದನ್ನೇ ಬೆಳೆಸುವುದಾದರೆ ದೆಹಲಿಯ ಐಸಿಎಸ್‌ಎಸ್‌ಆರ್ (ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ) ಫೆಲೋಶಿಪ್‌ಗೆ ಅರ್ಜಿ ಹಾಕಿ. ಈಗ ಮೊದಲು ಗೈಡ್ ಮೂಲಕ ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆಯಿರಿ. ಭಾನುವಾರ ಮನೆಗೆ ಹೋಗಿ ಕೇಳಿ. ಹಾಳೆಯಲ್ಲಿ ಹೆಸರೂ ಬೇಡ, ಫ್ಯಾಕ್ಟರಿಯ ಟೋಕನ್ ನಂಬರೂ ಬೇಡ.