ಎಂ.ಎಡ್. ಓದುವಾಗ ವೃತ್ತಿಯ ಗುರಿ ಬದಲಾದರೆ ಅದು ಚಂಚಲತೆಯೇ?

ಶಿಕ್ಷಕರಿಗೆ ತರಬೇತಿ ನೀಡುವ ಜಿಲ್ಲಾ ಸಂಸ್ಥೆಯಾದ ಡಯಟ್‌ನಲ್ಲಿ ಉಪನ್ಯಾಸಕಿಯಾಗಬೇಕೆಂದು ಎಂ.ಎಡ್. (ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ) ಸೇರಿದ ನಿಮಗೆ ಮೊದಲ ವರ್ಷ ಮುಗಿಯುವಷ್ಟರಲ್ಲಿ ಆ ಆಸೆ ತಗ್ಗಿದೆ, ಮರಳಿ ಪ್ರಾಥಮಿಕ ತರಗತಿಗೇ ಹೋಗಬೇಕೆನಿಸುತ್ತಿದೆ. ಇದು ಚಂಚಲತೆಯೇ ಎಂದು ಕೇಳಿದ್ದೀರಿ. ಅಲ್ಲವೆಂಬುದು ನನ್ನ ಉತ್ತರ. ನಾನು ಮಂಡ್ಯ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ಅಧ್ಯಯನ ರಜೆ ಪಡೆದು ಮೈಸೂರಿನಲ್ಲಿ ಎಂ.ಎಡ್. ಮುಗಿಸಿದ್ದೇನೆ. ನೀವು ಹೇಳುವ ಬದಲಾವಣೆ ನನ್ನಲ್ಲೂ ಆಯಿತು. ಅದು ಹೇಗಾಯಿತೆಂದು ವಿವರಿಸಿದರೆ ನಿಮ್ಮದನ್ನು ನೀವೇ ತೂಗಿ ನೋಡಬಹುದು.

ನಮ್ಮ ವೃತ್ತಿಯಲ್ಲಿ ಮುಂದೆ ಬರುವುದೆಂದರೆ ತರಗತಿಯಿಂದ ಹೊರಗೆ ಬರುವುದು ಎಂಬ ಭಾವನೆ ಬೇರೂರಿದೆ. ಸಿ.ಆರ್.ಪಿ. (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಬಿ.ಆರ್.ಪಿ. (ಬ್ಲಾಕ್ ಸಂಪನ್ಮೂಲ ವ್ಯಕ್ತಿ), ಡಯಟ್, ಬಿ.ಇ.ಒ. (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ, ಹೀಗೆ ಸಾಗುವ ದಾರಿಯಲ್ಲಿ ಒಂದನೆಯ ತರಗತಿಗೆ ಇನ್ನಷ್ಟು ಚೆನ್ನಾಗಿ ಕಲಿಸಲು ಕಲಿತವರಿಗೆ ಹೆಸರಿಡಬಹುದಾದ ಸ್ಥಾನವೇ ಇಲ್ಲ. ಹೀಗಾಗಿ ಎಂ.ಎಡ್. ಸೇರುವ ಶಿಕ್ಷಕರು ತಮ್ಮ ಗುರಿಯೆಂದು ಹೇಳಿಕೊಳ್ಳುವುದು ಬಹುಮಟ್ಟಿಗೆ ಸುತ್ತಲಿನವರಿಂದ ಪಡೆದ ಗುರಿಯಾಗಿರುತ್ತದೆ. ನನ್ನದೂ ಹಾಗೆಯೇ ಇತ್ತು.

ಮೊದಲು ನನ್ನನ್ನು ಅಲುಗಾಡಿಸಿದ್ದು, ನಾನು ವರ್ಷಗಳಿಂದ ಬಳಸುತ್ತಿದ್ದ ನಲಿ-ಕಲಿ ಪದ್ಧತಿಯೇ, ಅಂದರೆ ಮಕ್ಕಳು ಚಟುವಟಿಕೆಗಳ ಮೂಲಕ ತಮ್ಮದೇ ವೇಗದಲ್ಲಿ ಕಲಿಯುವ ಪದ್ಧತಿ. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕೂರುವ ಕೊಠಡಿ, ಕಲಿಕೆಯ ಹಂತಗಳನ್ನು ತೋರಿಸುವ ಗೋಡೆಯ ಮೇಲಿನ ಕಲಿಕಾ ಏಣಿ, ಅದರ ಮೈಲಿಗಲ್ಲುಗಳು, ಚಟುವಟಿಕೆಯ ಕಾರ್ಡುಗಳು, ಮಕ್ಕಳು ಗುಂಪಾಗಿ ಕೂರುವ ಐದು ‘ತಟ್ಟೆ’ಗಳು ಎಲ್ಲವೂ ನನಗೆ ಕೈಗೂಡಿದ ಸಂಗತಿಗಳಾಗಿದ್ದವು. ವರ್ಣಮಾಲೆಯ ಕ್ರಮ ಬಿಟ್ಟು ರ, ಗ, ಸ, ದ, ಅ ಎಂದು ಏಕೆ ಆರಂಭಿಸುತ್ತೀರಿ ಎಂದು ಪೋಷಕರು ಕೇಳಿದರೆ, ಆ ಅಕ್ಷರಗಳಿಂದಲೇ ಸರ, ಅರಸ, ಗರಗಸ, ದಸರ ಎಂಬ ಪದಗಳನ್ನು ಮಗು ಬೇಗ ಓದಬಲ್ಲದು ಎಂದು ವಿವರಿಸುತ್ತಿದ್ದೆ. ಆದರೆ ತಟ್ಟೆಗಳು ಶಿಕ್ಷಕರ ಪೂರ್ಣ ಬೆಂಬಲದಿಂದ ಆರಂಭವಾಗಿ, ಸಹಪಾಠಿಗಳ ನೆರವನ್ನು ದಾಟಿ, ಸ್ವಕಲಿಕೆಯಲ್ಲಿ ಮುಗಿಯುವುದರ ಹಿಂದಿರುವ ತರ್ಕ ನನಗೆ ಸ್ಪಷ್ಟವಾದದ್ದು ರಷ್ಯಾದ ಮನೋವಿಜ್ಞಾನಿ ವೈಗಾಟ್‌ಸ್ಕಿಯವರ ಚಿಂತನೆಯನ್ನು ಓದಿದಾಗ: ಮಗು ಇಂದು ಇನ್ನೊಬ್ಬರ ನೆರವಿನಿಂದ ಮಾಡುವುದನ್ನು ನಾಳೆ ತಾನೇ ಮಾಡುತ್ತದೆ, ಕಲಿಸುವವರ ಕೆಲಸ ಇರುವುದು ಈ ಎರಡರ ನಡುವಿನ ಅಂತರದಲ್ಲಿ.

ಅದಕ್ಕಿಂತ ಆಳವಾಗಿ ನಾಟಿದ್ದು ಈ ಪದ್ಧತಿಯ ಚರಿತ್ರೆ. 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ, ಆಂಧ್ರಪ್ರದೇಶದ ರಿಷಿವ್ಯಾಲಿ ಶಿಕ್ಷಣ ಸಂಸ್ಥೆಯ ಪ್ರಯೋಗದಿಂದ ಪ್ರೇರಣೆ ಪಡೆದ ಸರ್ಕಾರಿ ಶಿಕ್ಷಕರು ಯುನಿಸೆಫ್ ನೆರವಿನೊಂದಿಗೆ ಇದನ್ನು ಕಟ್ಟಿದರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಇಡೀ ರಾಜ್ಯದ ಆರಂಭಿಕ ತರಗತಿಗಳನ್ನು ಬದಲಿಸಿದ ಚಿಂತನೆ ತರಗತಿಯಲ್ಲಿದ್ದವರ ಕೈಯಲ್ಲೇ ರೂಪುಗೊಂಡಿತೆಂದಾದರೆ, ಶಿಕ್ಷಣದ ಬಗ್ಗೆ ಯೋಚಿಸಲು ತರಗತಿಯನ್ನು ಬಿಟ್ಟೇ ಹೋಗಬೇಕೆಂಬ ನನ್ನ ನಂಬಿಕೆಗೆ ಆಧಾರವಾದರೂ ಏನಿತ್ತು?

ಆಮೇಲೆ ಲಘುಪ್ರಬಂಧದ (ಎಂ.ಎಡ್.ಗಾಗಿ ಬರೆಯುವ ಸಂಶೋಧನಾ ಪ್ರಬಂಧದ) ವಿಷಯ ಆರಿಸುವ ಸಮಯ ಬಂದಿತು. ಶಿಕ್ಷಕರ ಮನೋಭಾವ, ವೃತ್ತಿ ತೃಪ್ತಿ ಎಂದು ಪ್ರಶ್ನಾವಳಿ ಹಂಚಿ ಅಂಕಿಸಂಖ್ಯೆ ತೆಗೆಯುವ ರೂಢಿ ನಮ್ಮಲ್ಲಿ ಬಲವಾಗಿದೆ. ಅಂಥವೂ ಬೇಕು, ಆದರೆ ನನ್ನನ್ನು ಕಾಡುತ್ತಿದ್ದ ಪ್ರಶ್ನೆ ಬೇರೆಯಾಗಿತ್ತು: ಗುಣಿತಾಕ್ಷರದವರೆಗೆ ಸಲೀಸಾಗಿ ಬರುವ ಮಕ್ಕಳು ಒತ್ತಕ್ಷರದಲ್ಲಿ ಏಕೆ ನಿಂತುಬಿಡುತ್ತಾರೆ? ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ ಬರೆದುಕೊಂಡಾಗ ಒಂದು ಸಂಗತಿ ಕಾಣಿಸಿತು. ‘ಶಕ್ತಿ’ ಎಂಬ ಪದದಲ್ಲಿ ಇಕಾರದ ಗುರುತು ಇರುವುದು ಕಕಾರದ ಮೇಲೆ. ಉಚ್ಚಾರವಾಗುವುದು ಮಾತ್ರ ಕೆಳಗಿನ ತಕಾರದ ನಂತರ. ಮಗು ‘ಶಕಿತ’ ಎಂದು ಓದಿದರೆ ಅದು ಅಲಕ್ಷ್ಯದಿಂದ ಆದದ್ದಲ್ಲ, ತನ್ನ ಕಣ್ಣಿಗೆ ಕಂಡ ಕ್ರಮವನ್ನು ಅದು ನಿಷ್ಠೆಯಿಂದ ಪಾಲಿಸುತ್ತಿದೆ. ಇದನ್ನು ತಿಳಿದವರು ಗದರಿಸುವುದಿಲ್ಲ, ಆ ಎರಡು ಕ್ರಮಗಳ ವ್ಯತ್ಯಾಸವನ್ನೇ ಕಲಿಸುತ್ತಾರೆ. ಓದು ಕಲಿಸುವುದರಲ್ಲಿ ಪರಿಣತಿ ಪಡೆಯಬೇಕು, ಅದನ್ನು ಕ್ಲಸ್ಟರಿನ, ಅಂದರೆ ಸುತ್ತಲಿನ ಶಾಲೆಗಳ ಗುಂಪಿನ, ಸಮಾಲೋಚನಾ ಸಭೆಗಳಲ್ಲಿ ಸಹೋದ್ಯೋಗಿಗಳ ಮುಂದಿಡಬೇಕು ಎಂಬ ಗುರಿ ಆಗ ಹುಟ್ಟಿತು. ಇಂದಿಗೂ ಅದೇ ನನ್ನ ಗುರಿ.

ಎಲ್ಲ ಬದಲಾವಣೆಯೂ ಹೀಗೆ ಓದಿನಿಂದಲೇ ಬರುತ್ತದೆಂದು ಹೇಳಲಾರೆ. ಸಂಖ್ಯಾಶಾಸ್ತ್ರದ ಪತ್ರಿಕೆ ಕಠಿಣವಾಗಿರುವುದರಿಂದ, ಅಥವಾ ಮನೆ ಮತ್ತು ಓದು ಎರಡನ್ನೂ ನಿಭಾಯಿಸಿ ದಣಿದಿರುವುದರಿಂದ ಉಪನ್ಯಾಸಕಿಯಾಗುವ ಆಸೆ ಕುಗ್ಗಿದ್ದರೆ, ಸ್ವಲ್ಪ ಬಿಡುವು ಸಿಕ್ಕಾಗ ಅದು ಮರಳಿ ಬರಬಹುದು. ಆಗ ಅವಸರದ ತೀರ್ಮಾನ ಬೇಡ. ಆದರೆ ತರಗತಿಗೆ ಮರಳಿದ ಮೇಲೆ ಇಂಥದ್ದನ್ನು ಬೇರೆ ರೀತಿ ಮಾಡುತ್ತೇನೆ ಎಂದು ನೀವು ನಿರ್ದಿಷ್ಟವಾಗಿ ಹೇಳಬಲ್ಲಿರಾದರೆ, ನಿಮ್ಮ ಗುರಿ ಬೆಳೆದಿದೆ ಎಂದೇ ತಿಳಿಯಿರಿ. “ಅಷ್ಟೆಲ್ಲ ಓದಿ ಮತ್ತೆ ಅ ಆ ಇ ಈನೇ ಹೇಳ್ಕೊಡೋದಾ?” ಎಂದು ಮನೆಯವರು ಕೇಳುತ್ತಾರೆ. ಅ ಆ ಇ ಈ ಕಲಿಸುವುದಕ್ಕೇ ಹೆಚ್ಚು ಓದು ಬೇಕು ಎಂದು ಧೈರ್ಯವಾಗಿ ಹೇಳಿ.

ಡಯಟ್‌ನ ಬಾಗಿಲು ಇದರಿಂದ ಮುಚ್ಚಿಹೋಗುವುದಿಲ್ಲ. ಪದವಿ ನಿಮ್ಮ ಬಳಿಯೇ ಇರುತ್ತದೆ, ಶಿಕ್ಷಣ ವಿಷಯದಲ್ಲಿ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಪರೀಕ್ಷೆಯನ್ನು ಮುಂದೆಯೂ ಬರೆಯಬಹುದು, ತರಗತಿಯಲ್ಲಿ ಪರೀಕ್ಷಿಸಿ ನೋಡಿದ ಅನುಭವವಿರುವ ಉಪನ್ಯಾಸಕರು ಅಲ್ಲಿಗೂ ಬೇಕು. ಸದ್ಯಕ್ಕೆ ತುರ್ತಾಗಿ ಆಗಬೇಕಾದದ್ದು ಒಂದೇ. ಲಘುಪ್ರಬಂಧದ ವಿಷಯ ನೋಂದಣಿಯಾಗುವ ಮೊದಲೇ ನಿಮ್ಮ ಮಾರ್ಗದರ್ಶಕರೊಂದಿಗೆ ಮಾತನಾಡಿ, ಈ ಹೊಸ ಗುರಿಗೆ ಹೊಂದುವ ಪ್ರಶ್ನೆಯನ್ನು ಆರಿಸಿಕೊಳ್ಳಿ; ನೋಂದಣಿಯಾದ ಮೇಲೆ ವಿಷಯ ಬದಲಿಸುವುದು ಕಷ್ಟವಾಗುತ್ತದೆ.